ಜೀಪಿನಲ್ಲಿ ಹಿಂದೆ ಕುಳಿತವರ ಆಸನ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಜೀಪು ಬಹುಕಾಲದಿಂದ ಒಕ್ಕಲುತನದ ಮನೆಗಳ ಒಂದು ಅಂಗವಾಗಿದೆ. ಹೊಗೆಸೊಪ್ಪಿನ ಹೊಲಕ್ಕೂ ಕಾವೇರಿ ಬಯಲಿನ ಗದ್ದೆಗೂ ಕಾಡಂಚಿನ ಊರಿಗೂ ಮಳೆಗಾಲದಲ್ಲಿ ಕೆಸರು ತುಳಿದು ಹೋಗಬಲ್ಲ ವಾಹನ ಅದು. ಹುಣಸೂರಿನ ಸಾರಿಗೆ ಕಚೇರಿಯ ಕೆಎ-45 ಸಂಖ್ಯೆಯನ್ನು ಹೊತ್ತ ಇಂತಹ ವಾಹನಗಳು ಮೈಸೂರಿನ ಆಸ್ಪತ್ರೆಗಳ ಮುಂದೆಯೂ ಸುತ್ತೂರು ಜಾತ್ರೆಯ ಬಯಲಿನಲ್ಲಿಯೂ ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿಯೂ ಕಣ್ಣಿಗೆ ಬೀಳುತ್ತವೆ. ಹೊಲಕ್ಕೆ ಗೊಬ್ಬರ ಹೊತ್ತ ಬಂಡಿಯೇ ಮರುದಿನ ಮದುವೆಯ ದಿಬ್ಬಣವನ್ನೂ ಹೊರುತ್ತದೆ.

ಇಂತಹ ವಾಹನದಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ನಾವು ಗಮನಿಸುತ್ತಾ ಬಂದಿದ್ದೇವೆ. ಚಾಲಕನು ತನ್ನ ಆಸನವನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ, ಕನ್ನಡಿಯನ್ನು ತಿರುಗಿಸಿ, ತನಗೆ ಒಪ್ಪುವಂತೆ ಮಾಡಿಕೊಳ್ಳುತ್ತಾನೆ. ಆತನ ಪಕ್ಕದಲ್ಲಿ ಮನೆಯ ಯಜಮಾನರು. ಅಜ್ಜಿ, ಸೊಸೆ, ಮೊಮ್ಮಕ್ಕಳು, ಕೆಲಸಕ್ಕೆ ಬರುವ ಹೆಣ್ಣುಮಕ್ಕಳು, ಇವರೆಲ್ಲ ಹಿಂದೆ. ಹಿಂದಿನ ಆಸನ ಹೇಗಿದೆ, ಅದರ ಬೆನ್ನು ಎಷ್ಟು ವಾಲಿದೆ, ಅದರ ಲಾಕು ಬಿದ್ದಿದೆಯೇ ಎಂದು ಕೇಳುವವರು ವಿರಳ. ಕುಟುಂಬದಲ್ಲಿ ದೇಹಬಲ ಕಡಿಮೆಯಿರುವವರಿಗೆ ವಾಹನದ ಅತ್ಯಂತ ಕಠಿಣವಾದ ಜಾಗ ದೊರೆಯುತ್ತಿದೆ. ಅನುಭವ ಮಂಟಪದಲ್ಲಿ ಹುಟ್ಟಿನ ಮೇಲ್ಮೆಯನ್ನಾಗಲಿ ಗಂಡು ಹೆಣ್ಣೆಂಬ ಭೇದವನ್ನಾಗಲಿ ಲೆಕ್ಕಿಸದೆ ಆಸನವಿತ್ತ ಪರಂಪರೆ ನಮ್ಮದು. ಆ ಪರಂಪರೆಗೆ ಸೇರಿದ ಮನೆಗಳು ಜೀಪಿನ ಹಿಂಬದಿಯ ಆಸನದ ವಿಷಯದಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂಬುದು ಈ ಲೇಖನದ ಆಶಯ.

ಹಿಂಬದಿಯ ಬೆಂಚು ಬಂದ ಬಗೆ

ಜೀಪು ಮೂಲತಃ ಯುದ್ಧದ ವಾಹನ. 1941ರಿಂದ ಅಮೆರಿಕದಲ್ಲಿ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ಹಿಂಭಾಗದಲ್ಲಿ ಇಬ್ಬರು ಕೂರಬಹುದಾದ ಒಂದು ಚಿಕ್ಕ ಆಸನವಿತ್ತು. ಅದು ಎರಡು ಚಕ್ರಗಳ ಉಬ್ಬುಗಳ ನಡುವೆ, ಮುಂದಕ್ಕೆ ಮುಖಮಾಡಿ, ಬೇಡವಾದಾಗ ಮಡಚುವಂತಿತ್ತು ಎಂಬುದು ಗಮನಾರ್ಹ. ಸ್ವಾತಂತ್ರ್ಯಾನಂತರ ಮಹೀಂದ್ರ ಸಂಸ್ಥೆಯು ಈ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಿ ಮಾರತೊಡಗಿದ ಮೇಲೆ ಅದು ಹಳ್ಳಿಗಳಿಗೂ ಕಾಲಿಟ್ಟಿತು. ನಮ್ಮಲ್ಲಿ ಒಂದೇ ಗಾಡಿಯಲ್ಲಿ ಹೆಚ್ಚು ಮಂದಿ ಹೋಗಬೇಕೆಂಬ ಅಗತ್ಯ ಮೊದಲಿನಿಂದಲೂ ಇದೆ. ಆದ್ದರಿಂದ ಮೈಯನ್ನು ಉದ್ದಗೊಳಿಸಿ, ಹಿಂಭಾಗದ ಎರಡು ಪಕ್ಕಗಳಿಗೆ ಎದುರುಬದುರಾಗಿ ಬೆಂಚು ಕೂಡಿಸುವ ಪದ್ಧತಿ ಬೆಳೆಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ, 2010ರಲ್ಲಿ ಬಂದ ಮೊದಲ ಥಾರ್‌ನಲ್ಲಿಯೂ ಹಿಂದೆ ಇದ್ದುದು ಇಂತಹ ಅಡ್ಡ ಬೆಂಚುಗಳೇ.

2020ರ ಅಕ್ಟೋಬರ್ 2ರಂದು ಹೊರಬಂದ ಹೊಸ ಥಾರ್‌ನಲ್ಲಿ ಆರಂಭಕ್ಕೆ ಎರಡೂ ಬಗೆಗಳಿದ್ದವು. ಆರು ಮಂದಿಯ ಗಾಡಿಯಲ್ಲಿ ಹಿಂದೆ ಅಡ್ಡ ಬೆಂಚು. ನಾಲ್ಕು ಮಂದಿಯ ಗಾಡಿಯಲ್ಲಿ ಹಿಂದೆ ಮುಂದಕ್ಕೆ ಮುಖಮಾಡಿದ ಎರಡು ಆಸನ. ಅದೇ ವರ್ಷದ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಮುಮ್ಮುಖ ಆಸನಗಳ ಮಾದರಿಗೆ ವಯಸ್ಕರ ರಕ್ಷಣೆಯಲ್ಲಿ ನಾಲ್ಕು, ಮಕ್ಕಳ ರಕ್ಷಣೆಯಲ್ಲಿ ನಾಲ್ಕು ತಾರೆಗಳು ದೊರೆತವು. ಅಡ್ಡ ಬೆಂಚಿನ ಮಾದರಿಯನ್ನು ತಯಾರಕರು ಬಹುಬೇಗ ಕೈಬಿಟ್ಟರು. 2024ರ ಆಗಸ್ಟ್ 15ರಂದು ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ಹಿಂದಿನ ಆಸನದ ಬೆನ್ನನ್ನು ಬೇಕಾದಷ್ಟು ವಾಲಿಸಿಕೊಳ್ಳುವ ಅನುಕೂಲವೂ ಸೇರಿತು. ಎಂಬತ್ತು ವರ್ಷಗಳ ಸುತ್ತಾಟದ ಬಳಿಕ ಜೀಪಿನ ಹಿಂಬದಿಯು ಮತ್ತೆ ಮುಂದಕ್ಕೆ ಮುಖ ತಿರುಗಿಸಿದೆ. ಆದರೆ ಹಳೆಯ ಗಾಡಿಗಳು ನಮ್ಮ ಅಂಗಳಗಳಲ್ಲಿ ಇನ್ನೂ ಓಡುತ್ತಿವೆ. ಅವುಗಳಲ್ಲಿ ಕೂರುವವರ ಕ್ಷೇಮವನ್ನೂ ನಾವು ಯೋಚಿಸಬೇಕಾಗಿದೆ.

ಅಡ್ಡ ಕುಳಿತರೆ ಆಗುವುದೇನು

ನಮ್ಮ ದೇಹದ ರಚನೆಯನ್ನೇ ನೋಡಿ. ವಾಹನವು ಥಟ್ಟನೆ ನಿಂತಾಗ ಮುಂದಕ್ಕೆ ಮುಖಮಾಡಿ ಕುಳಿತವನು ಕಾಲೂರಿ, ಕೈಚಾಚಿ ತಡೆದುಕೊಳ್ಳಬಲ್ಲ. ಪಟ್ಟಿ ಇದ್ದರೆ ಅದು ಆತನ ಸೊಂಟದ ಎಲುಬನ್ನೂ ಎದೆಗೂಡನ್ನೂ ಹಿಡಿಯುತ್ತದೆ. ಅಡ್ಡ ಕುಳಿತವನ ದೇಹವಾದರೋ ಪಕ್ಕಕ್ಕೆ ಎಸೆಯಲ್ಪಡುತ್ತದೆ. ಕತ್ತು ಪಕ್ಕಕ್ಕೆ ಬಾಗುವ ಶಕ್ತಿ ಬಹಳ ಕಡಿಮೆ. ಪಕ್ಕದಲ್ಲಿ ತಡೆಯಲು ಏನೂ ಇರುವುದಿಲ್ಲ. ಬೆಂಚಿನ ತುದಿಯಲ್ಲಿ ಕುಳಿತವರು ಮುಂದಿನ ಆಸನದ ಕಬ್ಬಿಣಕ್ಕೆ ಬಡಿದರೆ, ಉಳಿದವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಗಂಟೆಗೆ 50 ಕಿ.ಮೀ. ವೇಗವೆಂದರೆ ಮೈಸೂರು-ಹುಣಸೂರು ಹೆದ್ದಾರಿಯಲ್ಲಿ ನಿಧಾನವೆಂದೇ ಲೆಕ್ಕ. ಆ ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ. ಆ ಹೊತ್ತಿನಲ್ಲಿ ಡಿಕ್ಕಿಯಾದರೆ, ಕಟ್ಟಿಕೊಳ್ಳದೆ ಕುಳಿತ ದೇಹಕ್ಕೆ ಒದಗುವ ಪೆಟ್ಟು ಸುಮಾರು 10 ಮೀಟರ್ ಎತ್ತರದ ತೆಂಗಿನ ಮರದಿಂದ ಬಿದ್ದ ಪೆಟ್ಟಿಗೆ ಸಮನಾಗಿರುತ್ತದೆ. ತೆಂಗಿನ ಮರ ಹತ್ತುವವನು ಎಷ್ಟು ಎಚ್ಚರದಿಂದಿರುತ್ತಾನೆಂಬುದು ನಮಗೆಲ್ಲ ತಿಳಿದದ್ದೇ. ಜೀಪು ಹತ್ತುವಾಗ ಆ ಎಚ್ಚರ ನಮ್ಮಲ್ಲಿ ಇಲ್ಲ.

ಅಡ್ಡ ಬೆಂಚಿನಲ್ಲಿ ಕುಳಿತ ಮಕ್ಕಳೂ ಹೆಂಗಸರೂ ವಾಂತಿ ಮಾಡಿಕೊಳ್ಳುವುದನ್ನು ಕಂಡಿದ್ದೇವೆ. ಕಣ್ಣಿಗೆ ಎದುರಿಗಿದ್ದವರ ಮುಖ ಸ್ಥಿರವಾಗಿ ಕಾಣುತ್ತದೆ. ಕಿವಿಯೊಳಗಿನ ಸಮತೋಲನದ ಅಂಗವು ದೇಹ ಪಕ್ಕಕ್ಕೆ ಓಡುತ್ತಿದೆ ಎನ್ನುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಮುಂದಿನ ದಾರಿಯನ್ನು ನೋಡುತ್ತಾ ಕುಳಿತವರಿಗೆ ಈ ಬಾಧೆ ಕಡಿಮೆ. ಕಬಿನಿ ಹಿನ್ನೀರಿನ ಕಾರಾಪುರದ ಕಡೆ ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ತೆರೆದ ಸಫಾರಿ ಗಾಡಿಗಳನ್ನು ಕಂಡವರು ಅವುಗಳ ಆಸನಗಳು ಸಾಲುಸಾಲಾಗಿ ಮುಂದಕ್ಕೆ ಮುಖಮಾಡಿರುವುದನ್ನು ಗಮನಿಸಿರಬಹುದು. ಪ್ರಾಣಿಗಳನ್ನು ನೋಡಲೆಂದು ಮಾಡಿದ ಆ ವ್ಯವಸ್ಥೆ ದೇಹಕ್ಕೂ ಹಿತವಾದದ್ದು.

ಚಕ್ರದ ನೆತ್ತಿಯ ಮೇಲೆ ಕೂರುವವರು

ಹಿಂದೆ ಕುಳಿತವರಿಗೇ ಏಕೆ ಹೆಚ್ಚು ಕುಲುಕಾಟ? ವಾಹನವನ್ನು ಎರಡು ಕಡೆ ಊರಿದ ಹಲಗೆಯೆಂದು ಭಾವಿಸಿರಿ. ಹಿಂದಿನ ಚಕ್ರವು 10 ಸೆಂ.ಮೀ. ದಿಬ್ಬವನ್ನು ಹತ್ತಿದರೆ, ಎರಡು ಅಚ್ಚುಗಳ ನಡುಮಧ್ಯೆ ಕುಳಿತವರು ಸುಮಾರು 5 ಸೆಂ.ಮೀ. ಮೇಲೇಳುತ್ತಾರೆ. ಹಿಂದಿನ ಅಚ್ಚಿನ ನೇರ ಮೇಲೆ ಕುಳಿತವರು 10 ಸೆಂ.ಮೀ. ಮೇಲೇಳುತ್ತಾರೆ. ಅಚ್ಚಿಗಿಂತಲೂ ಹಿಂದೆ, ಬಾಗಿಲ ಪಕ್ಕದಲ್ಲಿ ಕುಳಿತವರು ಅದಕ್ಕೂ ಹೆಚ್ಚು. ಸ್ಪ್ರಿಂಗುಗಳು ಈ ಲೆಕ್ಕವನ್ನು ಒಂದಿಷ್ಟು ಮೆತ್ತಗೆ ಮಾಡುತ್ತವೆಯಾದರೂ ಕ್ರಮವು ಬದಲಾಗುವುದಿಲ್ಲ. ಹಳೆಯ ಜೀಪುಗಳ ಪಟ್ಟೆ ಸ್ಪ್ರಿಂಗು ಭಾರ ಹೊರಲು ಹೇಳಿಮಾಡಿಸಿದ್ದು. ಗಾಡಿ ಹಗುರವಾಗಿದ್ದಾಗ ಅದು ಕಲ್ಲಿನಂತೆ ಒದೆಯುತ್ತದೆ.

ಆದ್ದರಿಂದ ಹಿಂದಿನ ಆಸನವನ್ನು ಸರಿಸುವ ಅವಕಾಶ ಗಾಡಿಯಲ್ಲಿದ್ದರೆ, ಕೂರುವವರ ಮೊಣಕಾಲಿಗೆ ಜಾಗವುಳಿಯುವಷ್ಟು ಬಿಟ್ಟು ಸಾಧ್ಯವಾದಷ್ಟು ಮುಂದಕ್ಕೆ ತರುವುದು ಮೇಲು. ಥಾರ್ ಗಾಡಿಯಲ್ಲಿ ಎರಡು ಅಚ್ಚುಗಳ ನಡುವಿನ ಅಂತರ 2.45 ಮೀಟರ್, ರಾಕ್ಸ್‌ನಲ್ಲಿ 2.85 ಮೀಟರ್. ಈ ಉದ್ದ ಹೆಚ್ಚಾದಷ್ಟೂ ಹಿಂದಿನವರು ಚಕ್ರದ ನೆತ್ತಿಯಿಂದ ದೂರ ಸರಿದು ಸುಖವಾಗಿ ಕೂರಬಹುದು. ಹಿಂದಿನ ಆಸನ ಕದಲದ ಗಾಡಿಯಲ್ಲಿ ಮುಂದೆ ಕುಳಿತವರು ತಮ್ಮ ಆಸನವನ್ನು ಒಂದೆರಡು ಹಲ್ಲು ಮುಂದಕ್ಕೆ ಸರಿಸಿ ಹಿಂದಿನವರಿಗೆ ಎಡೆಮಾಡಿಕೊಡಬೇಕು. ಚಾಲಕನ ಕಾಲು ಪೆಡಲಿಗೆ ಸರಿಯಾಗಿ ಎಟುಕುವುದು ಮೊದಲ ಮಾತು. ಆ ಮಿತಿಯೊಳಗೆ ಉಳಿದವರ ಹಿತ.

ಆಸನವನ್ನು ಹೊಂದಿಸುವ ಕ್ರಮ

ಮೊದಲು ಪಾದ. ಕುಳಿತವರ ಎರಡೂ ಪಾದಗಳು ನೆಲದ ಮೇಲೆ ಪೂರ್ತಿಯಾಗಿ ಊರಬೇಕು. ಪಾದ ತೂಗಾಡಿದರೆ ತೊಡೆಯ ಕೆಳಗಿನ ನರ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಗುಂಡಿಯಲ್ಲಿ ಗಾಡಿ ಹಾರಿದಾಗ ಊರಲು ಆಧಾರವಿರುವುದಿಲ್ಲ. ಕುಳ್ಳಗಿರುವ ಅಜ್ಜಿಗೆ ಕಾಲಿಡಲು ಜಾರದಂತೆ ಕೂಡಿಸಿದ ಒಂದು ಗಟ್ಟಿ ಪಾದಪೀಠವಿರಲಿ.

ಎರಡನೆಯದು ಮೊಣಕಾಲಿನ ಹಿಂಭಾಗ. ಆಸನದ ಅಂಚಿಗೂ ಮೊಣಕಾಲಿನ ಮಡಿಕೆಗೂ ನಡುವೆ ಎರಡು ಮೂರು ಬೆರಳಿನಷ್ಟು ಎಡೆಯಿರಬೇಕು. ಆಸನ ಬಹಳ ಆಳವಾಗಿದ್ದರೆ ಬೆನ್ನಿಗೆ ಚಪ್ಪಟೆಯಾದ ಗಟ್ಟಿ ದಿಂಬು ಕೊಡಬಹುದು. ಮೆತ್ತನೆಯ ದೊಡ್ಡ ದಿಂಬನ್ನು ಕೂರುವ ಜಾಗದಲ್ಲಿ ಹಾಕಬಾರದು; ಅದು ಜಾರುತ್ತದೆ, ಪಟ್ಟಿಯನ್ನೂ ಸಡಿಲಗೊಳಿಸುತ್ತದೆ.

ಮೂರನೆಯದು ಬೆನ್ನು. ಬೆನ್ನಾಸರೆಯು ನೆಟ್ಟಗಿನಿಂದ ಸ್ವಲ್ಪವೇ ಹಿಂದಕ್ಕೆ ವಾಲಿರಲಿ. ಮಲಗುವಷ್ಟು ವಾಲಿಸಿದರೆ ನಿದ್ದೆಯೇನೋ ಬರುತ್ತದೆ. ಆದರೆ ಗಾಡಿ ಥಟ್ಟನೆ ನಿಂತಾಗ ದೇಹವು ಪಟ್ಟಿಯ ಕೆಳಗಿನಿಂದ ಮುಂದಕ್ಕೆ ಜಾರಿ, ಸೊಂಟದ ಎಲುಬಿನ ಮೇಲಿರಬೇಕಾದ ಪಟ್ಟಿ ಹೊಟ್ಟೆಗೆ ಏರಿ ಒಳ ಅಂಗಗಳನ್ನು ಹಿಂಡುತ್ತದೆ. ವಾಲಿಸುವ ಸೌಕರ್ಯವನ್ನು ಗಾಡಿ ನಿಂತಾಗ ವಿಶ್ರಾಂತಿಗೆ ಬಳಸಬಹುದು. ಓಡುವಾಗ ನೆಟ್ಟಗಿರುವುದೇ ಕ್ಷೇಮ.

ನಾಲ್ಕನೆಯದು ತಲೆಯಾಸರೆ. ಅದರ ಮೇಲಂಚು ನೆತ್ತಿಯ ಸಮಕ್ಕೆ, ಕಡೆಯ ಪಕ್ಷ ಕಿವಿಗಿಂತ ಮೇಲೆ ಬರುವಂತೆ ಎತ್ತಬೇಕು. ಕತ್ತಿನ ಮಟ್ಟದಲ್ಲಿಯೇ ಬಿಟ್ಟರೆ, ಹಿಂದಿನಿಂದ ಮತ್ತೊಂದು ಗಾಡಿ ಗುದ್ದಿದಾಗ ತಲೆ ಅದರ ಮೇಲಿಂದ ಹಿಂದಕ್ಕೆ ಬಾಗಿ ಕತ್ತು ಉಳುಕುತ್ತದೆ.

ಐದನೆಯದು ಲಾಕು. ಬೇಸಾಯದ ಮನೆಗಳವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಹಗಲು ಆಸನವನ್ನು ಮಡಚಿ ಗೊಬ್ಬರದ ಮೂಟೆಯನ್ನೋ ಭತ್ತದ ಚೀಲವನ್ನೋ ಹಾಕಿರುತ್ತೇವೆ. ಸಂಜೆ ಆಸನವನ್ನು ಬಿಡಿಸಿದಾಗ ಮಣ್ಣು, ಹೊಟ್ಟು, ಗೊಬ್ಬರದ ಹರಳು ಲಾಕಿನೊಳಗೆ ಸೇರಿಕೊಂಡು ಕೊಂಡಿ ಪೂರ್ತಿ ಕೂರುವುದಿಲ್ಲ. ಮೇಲ್ನೋಟಕ್ಕೆ ಆಸನ ಸರಿಯಾಗಿಯೇ ಕಾಣುತ್ತದೆ. ಗಾಡಿ ಜೋರಾಗಿ ಬ್ರೇಕು ಹಾಕಿದಾಗ ಕುಳಿತವರ ಸಮೇತ ಮುಂದಕ್ಕೆ ಮಗುಚುತ್ತದೆ. ಆಸನವನ್ನು ಬಿಡಿಸಿದ ಪ್ರತಿ ಸಲವೂ 'ಟಕ್' ಎಂಬ ಸದ್ದು ಕೇಳಬೇಕು. ಆ ಮೇಲೆ ಬೆನ್ನನ್ನೂ ಅಡಿಯನ್ನೂ ಎರಡು ಕೈಗಳಿಂದ ಜಗ್ಗಿ ನೋಡಬೇಕು. ಮೂರು ಬಾಗಿಲಿನ ಗಾಡಿಯಲ್ಲಿ ಮುಂದಿನ ಆಸನವನ್ನು ಮಡಚಿಯೇ ಹಿಂದಕ್ಕೆ ಹತ್ತಬೇಕಾದ್ದರಿಂದ, ಎಲ್ಲರೂ ಕುಳಿತ ಮೇಲೆ ಆ ಮುಂದಿನ ಆಸನದ ಲಾಕನ್ನೂ ಹೀಗೆಯೇ ಪರೀಕ್ಷಿಸಬೇಕು.

ಕಡೆಯದು ಸಾಮಾನು. ಆಸನದ ಹಿಂದೆ ತಲೆಯ ಮಟ್ಟಕ್ಕೆ ಪಾತ್ರೆ, ಬುಟ್ಟಿ, ತೆಂಗಿನಕಾಯಿ ಪೇರಿಸಬಾರದು. ಭಾರವಾದದ್ದು ಕೆಳಗೆ, ಬೆನ್ನಾಸರೆಗೆ ಒತ್ತಿಕೊಂಡು, ಹಗ್ಗದಿಂದ ಬಿಗಿದಿರಲಿ. ಹಿಂದಿನ ಅಚ್ಚಿನಾಚೆ ಅತಿಭಾರ ಹೇರಿದರೆ ಮುಂದಿನ ಚಕ್ರಗಳ ಮೇಲಿನ ಒತ್ತು ಕಡಿಮೆಯಾಗಿ, ಏರಿನಲ್ಲಿ ಸ್ಟಿಯರಿಂಗ್ ಹಗುರವಾಗುತ್ತದೆ.

ಪಟ್ಟಿಯ ಮಾತು

ಸೊಂಟವನ್ನೂ ಭುಜವನ್ನೂ ಒಟ್ಟಿಗೆ ಹಿಡಿಯುವ ಇಂದಿನ ಪಟ್ಟಿಯನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೋ ಸಂಸ್ಥೆಯ ನಿಲ್ಸ್ ಬೋಲಿನ್ ಎಂಬ ಎಂಜಿನಿಯರು ರೂಪಿಸಿದರು. ಸಂಸ್ಥೆಯು ಆ ವಿನ್ಯಾಸವನ್ನು ತನಗೇ ಮೀಸಲಿಟ್ಟುಕೊಳ್ಳದೆ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ದಾಸೋಹದ ಅರ್ಥ ಬಲ್ಲ ನಾವು ಈ ನಡೆಯನ್ನು ಮೆಚ್ಚದಿರಲಾಗದು.

ಹಿಂದೆ ಕುಳಿತವರಿಗೆ ಪಟ್ಟಿ ಏಕೆಂಬ ಪ್ರಶ್ನೆ ಈಗಲೂ ಕೇಳಿಬರುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರೂ ಅವರೊಂದಿಗೆ ಹಿಂದಿನ ಆಸನದಲ್ಲಿದ್ದ ಮತ್ತೊಬ್ಬರೂ ತೀರಿಕೊಂಡರು. ಇಬ್ಬರೂ ಪಟ್ಟಿ ಧರಿಸಿರಲಿಲ್ಲ. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು. ಬೆಲೆಬಾಳುವ ಕಾರಿನಲ್ಲಿಯೇ ಹೀಗಾದರೆ ಜೀಪಿನ ಮಾತೇನು? ಪಟ್ಟಿ ಕಟ್ಟದ ಹಿಂದಿನವರು ಮುಂದಿನವರಿಗೂ ಅಪಾಯ; ಅವರ ದೇಹದ ಭಾರವೆಲ್ಲ ಮುಂದಿನ ಆಸನದ ಬೆನ್ನಿಗೆ ಬಂದು ಅಪ್ಪಳಿಸುತ್ತದೆ.

ಬಸುರಿಯರು ಪಟ್ಟಿ ಬೇಡವೆನ್ನುವುದುಂಟು. ಕೆಳಪಟ್ಟಿಯನ್ನು ಹೊಟ್ಟೆಯ ಉಬ್ಬಿನ ಕೆಳಗೆ, ಸೊಂಟದ ಎಲುಬಿಗೆ ತಾಗುವಂತೆಯೂ, ಮೇಲ್ಪಟ್ಟಿಯನ್ನು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಇಳಿಯುವಂತೆಯೂ ಹಾಕಿದರೆ ತಾಯಿ ಮಗು ಇಬ್ಬರಿಗೂ ರಕ್ಷಣೆ. ಕೂಸನ್ನು ತೊಡೆಯ ಮೇಲೆ ಹಿಡಿದರೆ ಸಾಕೆಂಬ ನಂಬಿಕೆ ಇನ್ನೂ ಬಲವಾಗಿದೆ. ಮೇಲೆ ಹೇಳಿದ 50 ಕಿ.ಮೀ. ವೇಗದ ಡಿಕ್ಕಿಯಲ್ಲಿ ಹತ್ತು ಕಿಲೋ ತೂಕದ ಕೂಸು ಸುಮಾರು 200 ಕಿಲೋ ಭಾರದಂತೆ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ಹಿಡಿಯುವ ಶಕ್ತಿಯಿಲ್ಲ. ಕೂಸಿಗೆ ಪ್ರತ್ಯೇಕವಾದ ಮಕ್ಕಳ ಆಸನವೇ ಬೇಕು. ಸ್ವಲ್ಪ ದೊಡ್ಡ ಮಗುವಿಗೆ ಪಟ್ಟಿಯು ಕತ್ತಿಗೆ ಉಜ್ಜುತ್ತಿದ್ದರೆ, ಅದನ್ನು ಎತ್ತರಿಸುವ ಆಸನ ಇನ್ನೂ ಅಗತ್ಯವಿದೆಯೆಂದು ತಿಳಿಯಬೇಕು.

ಹಳೆಯ ಗಾಡಿ ಮತ್ತು ಕಾನೂನು

ಅಡ್ಡ ಬೆಂಚಿನ ಜೀಪು ಇರುವವರು ಏನು ಮಾಡಬೇಕು? ಶೆಡ್ಡಿಗೆ ಒಯ್ದು ಬೆಂಚು ಕಿತ್ತು, ಹಳೆಯ ಕಾರಿನ ಆಸನ ತಂದು ವೆಲ್ಡಿಂಗ್ ಮಾಡಿಸುವ ಯೋಚನೆ ಹಲವರಿಗೆ ಬರುತ್ತದೆ. ಅದು ಸಲ್ಲದು. ತೆಳುವಾದ ತಗಡಿನ ನೆಲಕ್ಕೆ ಬೆಸೆದ ಆಸನ ಡಿಕ್ಕಿಯಲ್ಲಿ ನೆಲದ ಸಮೇತ ಕಿತ್ತು ಬರುತ್ತದೆ. ಪಟ್ಟಿಯ ಕೊಂಡಿಗೂ ಚಾಸಿಗೆ ಸೇರಿದ ಗಟ್ಟಿ ಆಧಾರ ಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಆರ್.ಸಿ. ಪುಸ್ತಕದಲ್ಲಿ ನಮೂದಾದ ಆಸನಗಳ ಸಂಖ್ಯೆ ಮೀರಿದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಬದಲಾವಣೆ ಬೇಕೇ ಬೇಕೆನಿಸಿದರೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಒಪ್ಪಿಗೆ ಪಡೆಯುವುದು ಯೋಗ್ಯ.

ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮದಂತೆ ಮುಂದಕ್ಕೆ ಮುಖಮಾಡಿದ ಹಿಂದಿನ ಆಸನಗಳಲ್ಲಿ ಕುಳಿತವರೂ ಪಟ್ಟಿ ಧರಿಸತಕ್ಕದ್ದು. 2019ರ ತಿದ್ದುಪಡಿಯ ಬಳಿಕ ಪಟ್ಟಿಯಿಲ್ಲದ ಪ್ರಯಾಣಕ್ಕೆ 1000 ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಲ್ಲದೆ ಕರೆದೊಯ್ದರೂ ಅಷ್ಟೇ ದಂಡ.

ಬೆಂಚನ್ನು ಬದಲಿಸಲಾಗದವರು ಕೂರುವ ಕ್ರಮವನ್ನಾದರೂ ಬದಲಿಸಬಹುದು. ಹಿರಿಯರನ್ನೂ ಬಸುರಿಯರನ್ನೂ ಮುಂದಕ್ಕೆ ಮುಖಮಾಡಿದ ಆಸನದಲ್ಲಿ ಕೂರಿಸಿ, ಗಟ್ಟಿಮುಟ್ಟಾದ ಹರೆಯದವರು ಅಡ್ಡ ಬೆಂಚಿಗೆ ಹೋಗಲಿ. ಕೂಸಿಗೆ ಆ ಬೆಂಚು ಬೇಡವೇ ಬೇಡ. ಹಿಡಿದುಕೊಳ್ಳಲು ಕಂಬಿ ಭದ್ರವಾಗಿದೆಯೇ ನೋಡಬೇಕು. ಹೆದ್ದಾರಿಯ ದೂರಪ್ರಯಾಣಕ್ಕೆ ಆ ಬೆಂಚನ್ನು ಖಾಲಿ ಬಿಡುವುದೇ ಲೇಸು. ಹೊಲದ ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಮಾತ್ರ ಅದು ಸಹ್ಯ. ಎಚ್.ಡಿ. ಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ಕಾಡುದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಗೇಟು ಮುಚ್ಚುವ ಮುನ್ನ ದಾಟಬೇಕೆಂಬ ಆತುರದಲ್ಲಿ ಗಾಡಿ ಓಡಿಸುವವರು ಹಿಂದೆ ಕುಳಿತವರ ಬೆನ್ನೆಲುಬನ್ನು ಮರೆಯುತ್ತಾರೆ. ಅರ್ಧ ಗಂಟೆ ಮೊದಲು ಮನೆ ಬಿಡುವುದೇ ಇದಕ್ಕೆ ಮದ್ದು.

ಮನೆಯ ನಡವಳಿಕೆ

ಆಯುಧಪೂಜೆಯಂದು ನಾವು ಗಾಡಿಯನ್ನು ತೊಳೆದು, ವಿಭೂತಿ ಧರಿಸಿ, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅಂದು ಬೆಳಿಗ್ಗೆಯೇ ಒಂದು ಸ್ಪ್ಯಾನರು ಹಿಡಿದು ಹಿಂದಿನ ಆಸನದ ಬೋಲ್ಟುಗಳನ್ನು ಬಿಗಿಮಾಡುವುದು, ಲಾಕಿನ ಮಣ್ಣು ತೆಗೆದು ಎರಡು ಹನಿ ಎಣ್ಣೆ ಬಿಡುವುದು, ಪಟ್ಟಿಗಳನ್ನು ಪೂರ್ತಿ ಎಳೆದು ಹರಿದಿದೆಯೇ ನೋಡುವುದು ಪೂಜೆಯ ಒಂದು ಭಾಗವಾಗಲಿ. ಕಾಯಕದ ಉಪಕರಣವನ್ನು ಸುಸ್ಥಿತಿಯಲ್ಲಿಡುವುದೂ ಕಾಯಕವೇ. ವರ್ಷಕ್ಕೊಮ್ಮೆ ಸಾಲದು, ಬಿತ್ತನೆಗೆ ಮುಂಚೆ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ದರ್ಶನಕ್ಕೋ ಚುಂಚನಕಟ್ಟೆಯ ಜಾತ್ರೆಗೋ ಹೊರಡುವ ದಿನ, ಗಾಡಿ ಚಾಲೂ ಮಾಡುವ ಮುನ್ನ ಯಜಮಾನರು ಒಮ್ಮೆ ಕೆಳಗಿಳಿದು ಹಿಂದಕ್ಕೆ ಹೋಗಿ, "ಅವ್ವಾ, ಕಾಲು ಊರಿದೆಯಾ? ಬೆನ್ನಿಗೆ ಸರಿಹೋಯಿತಾ?" ಎಂದು ಕೇಳಲಿ. ತೋಟದ ಕೆಲಸಕ್ಕೆ ಬಂದ ಹೆಣ್ಣುಮಗಳನ್ನೂ ಅದೇ ದನಿಯಲ್ಲಿ ಕೇಳಲಿ. ಸಂಕೋಚದಿಂದ ಹಿರಿಯರು "ಆಯಿತು, ನಡಿ" ಎಂದೇ ಹೇಳುತ್ತಾರೆ. ಆದ್ದರಿಂದ ಕೇಳಿ ಬಿಡದೆ ಕಣ್ಣಿನಿಂದ ನೋಡಿ, ಕೈಯಿಂದ ಜಗ್ಗಿ ಖಾತ್ರಿ ಮಾಡಿಕೊಳ್ಳಬೇಕು. ತಿಂಗಳಿಗೊಮ್ಮೆಯಾದರೂ ಯಜಮಾನರೇ ಹಿಂದಿನ ಆಸನದಲ್ಲಿ ಕುಳಿತು ಹತ್ತು ಕಿಲೋಮೀಟರು ಹೋಗಿಬರಲಿ. ಏನು ಸರಿಪಡಿಸಬೇಕೆಂಬುದು ಅವರಿಗೆ ತಾನಾಗಿ ತಿಳಿಯುತ್ತದೆ. ನಮ್ಮ ಬಂಧುಗಳು ಈ ತಿಂಗಳೇ ಇದನ್ನು ಆರಂಭಿಸಲೆಂದು ಹಾರೈಸುತ್ತೇವೆ.